ಗೆದ್ದದ್ದೆಷ್ಟು, ಗಿಟ್ಟಿದ್ದೆಷ್ಟು

ಪೋಕರ್ ಮಂದಿಗೆ ಗೆದ್ದ ಮೊತ್ತ ಬಾಯಿಪಾಠ. ಹಾಕಿದ್ದೆಷ್ಟು ಎಂದು ಕೇಳಿದರೆ ಮಾತು ಬದಲಾಗುತ್ತದೆ. ಡೇನಿಯಲ್ ನೆಗ್ರಾನು 2017ರಲ್ಲಿ ಟೂರ್ನಿಗಳಿಂದ ಸುಮಾರು 28 ಲಕ್ಷ ಡಾಲರ್ ಬಾಚಿದರು. ಆಮೇಲೆ ತಾವೇ ಲೆಕ್ಕ ಬಿಚ್ಚಿಟ್ಟರು, ಪುಣ್ಯಾತ್ಮ: ಬೈ-ಇನ್‌ಗೆ, ಅಂದರೆ ಟೂರ್ನಿ ಸೇರಲು ಕಟ್ಟುವ ದುಡ್ಡಿಗೆ, ಸುರಿದದ್ದು ಅದಕ್ಕಿಂತ ಹೆಚ್ಚು, ವರ್ಷ ಮುಗಿದದ್ದು ನಷ್ಟದಲ್ಲಿ. ಆಟಗಾರರ ಗಳಿಕೆ ದಾಖಲಿಸುವ ಹೆಂಡನ್ ಮಾಬ್ ಪಟ್ಟಿಯಲ್ಲಿ ಬಹುಮಾನದ ಮೊತ್ತ ಮಾತ್ರ ಕಾಣುತ್ತದೆ.

ಟೂರ್ನಿಯ ಅಳತೆ ಆರ್‌ಒಐ. ನಿವ್ವಳ ಲಾಭವನ್ನು ಒಟ್ಟು ಬೈ-ಇನ್‌ನಿಂದ ಭಾಗಿಸಿ ಶೇಕಡಾ ಮಾಡಿದರಾಯಿತು. ಔಟಾದ ಮೇಲೆ ಮತ್ತೆ ದುಡ್ಡು ಕಟ್ಟಿ ಕೂತರೆ ಅದೂ ಬೈ-ಇನ್ನೇ. ಅದನ್ನು ಜಾಣತನದಿಂದ ಮರೆಯುವವರೇ ಹೆಚ್ಚು. 2023ರ ವರ್ಲ್ಡ್ ಸೀರೀಸ್ ಆಫ್ ಪೋಕರ್ ಮೇನ್ ಇವೆಂಟ್ ನೋಡಿ. ಲಾಸ್ ವೇಗಸ್‌ನಲ್ಲಿ ತಲಾ 10,000 ಡಾಲರ್ ಕಟ್ಟಿದವರು 10,043 ಮಂದಿ. ಬಹುಮಾನದ ನಿಧಿಗೆ ಸೇರಿದ್ದು ತಲಾ 9,300. ಮಿಕ್ಕ 700 ಆಡಿಸುವವರ ಖರ್ಚಿಗೆ. ಮೊದಲ ಎಲೆ ಹಂಚುವ ಮುನ್ನವೇ ಸರಾಸರಿ ಆಟಗಾರ ಶೇ. 7ರಷ್ಟು ನಷ್ಟದಲ್ಲಿದ್ದ. ನೂರರಲ್ಲಿ ಎಂಬತ್ತೈದು ಮಂದಿ ಬರಿಗೈಯಲ್ಲಿ ಎದ್ದರು, ಡೇನಿಯಲ್ ವೈನ್‌ಮನ್ ಒಬ್ಬರೇ 1.21 ಕೋಟಿ ಡಾಲರ್ ಒಯ್ದರು. ಹೀಗೆ ಹಣವೆಲ್ಲ ತುದಿಯಲ್ಲೇ ಗುಡ್ಡೆಯಾಗುವ ಆಟದಲ್ಲಿ ನೂರಿನ್ನೂರು ಟೂರ್ನಿ ಆಡಿ 'ನನ್ನ ಆರ್‌ಒಐ ಶೇ. 60' ಎನ್ನುವವರಿಗೆ ನಾನು ಹೇಳುವುದಿಷ್ಟೇ: ಅತಿ ದೊಡ್ಡ ಬಹುಮಾನ ಒಂದನ್ನು ತೆಗೆದು ಇನ್ನೊಮ್ಮೆ ಭಾಗಿಸಿ.

ಟೂರ್ನಿಯಲ್ಲದೆ ನೇರ ದುಡ್ಡಿಗೇ ಆಡುವ ಕ್ಯಾಶ್ ಗೇಮ್‌ನ ಲೆಕ್ಕದ ಮೇಲೆ ನನಗೆ ನಂಬಿಕೆ ಜಾಸ್ತಿ. ನೂರು ಹ್ಯಾಂಡ್‌ಗೆ ಎಷ್ಟು ಬಿಗ್ ಬ್ಲೈಂಡ್ (ಎಲೆ ನೋಡುವ ಮೊದಲೇ ಇಡಬೇಕಾದ ಕಡ್ಡಾಯ ಪಣ) ಗಿಟ್ಟಿತು ಎಂಬುದೇ ಅಳತೆಯಾದ್ದರಿಂದ ಸಣ್ಣ ಟೇಬಲ್ಲೂ ದೊಡ್ಡ ಟೇಬಲ್ಲೂ ಒಂದೇ ತಕ್ಕಡಿಗೆ ಬರುತ್ತವೆ. ನೂರಕ್ಕೆ 5 ತೆಗೆಯುವವನು ಒಳ್ಳೆಯ ಆಟಗಾರನೇ. ಆದರೆ ನೋ-ಲಿಮಿಟ್ ಹೋಲ್ಡೆಮ್‌ನಲ್ಲಿ ಅದೇ ನೂರು ಹ್ಯಾಂಡ್‌ನ ಏರಿಳಿತ, ಅಂದರೆ ಸ್ಟ್ಯಾಂಡರ್ಡ್ ಡೀವಿಯೇಷನ್, 90ರ ಆಸುಪಾಸು. 10,000 ಹ್ಯಾಂಡ್‌ಗೆ ಬರಬೇಕಾದದ್ದು 500 ಬ್ಲೈಂಡ್, ಏರಿಳಿತ 900. ಆ ಒಳ್ಳೆಯ ಆಟಗಾರನೂ ಹತ್ತರಲ್ಲಿ ಸುಮಾರು ಮೂರು ಸಲ ಅಲ್ಲಿಗೆ ಮುಟ್ಟುವಾಗ ನಷ್ಟದಲ್ಲೇ ಇರುತ್ತಾನೆ. ಎದುರುಬದುರು ಕೂತು ಆಡುವಲ್ಲಿ ಗಂಟೆಗೆ ಮೂವತ್ತರಷ್ಟು ಹ್ಯಾಂಡ್. ವಾರಕ್ಕೊಮ್ಮೆ ಆರು ಗಂಟೆ ಕೂತರೆ ಹತ್ತು ಸಾವಿರ ತುಂಬಲು ವರ್ಷ ದಾಟುತ್ತದೆ. ಎರಡು ತಿಂಗಳು ಸೋತು ಆಟ ಬದಲಿಸುವವರೂ, ಎರಡು ತಿಂಗಳು ಗೆದ್ದು ಕೆಲಸ ಬಿಡುವವರೂ ಈ ಗುಣಾಕಾರ ಮಾಡಿರುವುದಿಲ್ಲ.

ಲೆಕ್ಕದ ಪುಸ್ತಕದಲ್ಲಿ ರೇಕ್ ಅನ್ನು, ಅಂದರೆ ಆಡಿಸುವವರ ಪಾಲನ್ನು, ಬೇರೆ ಬರೆಯಬೇಕಿಲ್ಲ, ಪಾಟ್ ಕೈಸೇರುವ ಮೊದಲೇ ಮುರಿದುಕೊಂಡಿರುತ್ತಾರೆ. ಡೀಲರ್‌ಗೆ ಕೊಟ್ಟ ಟಿಪ್ಸ್, ಗೋವಾ ಬಸ್ಸಿನ ಟಿಕೆಟ್, ಲಾಡ್ಜಿನ ಬಾಡಿಗೆ ಮಾತ್ರ ಬರೆಯಲೇಬೇಕು.

ತೆರಿಗೆಯವರ ಗಣಿತ ಇನ್ನೂ ಬೇರೆ. ಇಸ್ಪೀಟಿನ ಗೆಲುವಿಗೆ ನಮ್ಮಲ್ಲಿ ನೇರ ಶೇ. 30, ಸೋತದ್ದನ್ನು ಕಳೆಯಲು ಬಿಡುವುದಿಲ್ಲ. ಒಂದು ಟೂರ್ನಿಯಲ್ಲಿ ಎರಡು ಲಕ್ಷ ಲಾಭ ಬಂದು ಉಳಿದವುಗಳಲ್ಲಿ ಅಷ್ಟೂ ಹೋಗಿದ್ದರೆ ನಿಮ್ಮ ಪುಸ್ತಕದಲ್ಲಿ ಸೊನ್ನೆ. ಅವರ ಪುಸ್ತಕದಲ್ಲಿ, ಸೆಸ್ ಬಿಟ್ಟು, ಅರವತ್ತು ಸಾವಿರ ಬಾಕಿ.