ಎಣಿಸಿಯೂ ಹೇಳದ ಲೆಕ್ಕ

ಅಫ್ಘಾನಿಸ್ತಾನದಲ್ಲಿ 2014ರ ಅಧ್ಯಕ್ಷೀಯ ಚುನಾವಣೆಯ ಮೇಲೆ ನಡೆದ ಮತಪರಿಶೋಧನೆಯನ್ನು ಅದರ ಗಾತ್ರ ನೋಡಿ ಹೊಗಳುವವರಿದ್ದಾರೆ. ಗಾತ್ರ ದೊಡ್ಡದೇ: ಸುಮಾರು 23,000 ಪೆಟ್ಟಿಗೆ, 80 ಲಕ್ಷದಷ್ಟು ಮತ. ಆದರೆ ಪರಿಶೋಧನೆಯ ಬೆಲೆ ಇರುವುದು ಕಂಡದ್ದನ್ನು ಜನರ ಮುಂದಿಡುವುದರಲ್ಲಿ. ಅಲ್ಲಿ ಅದು ಸೋತಿತು.

ಏಪ್ರಿಲ್‌ನ ಮೊದಲ ಸುತ್ತಿನಲ್ಲಿ ಅಬ್ದುಲ್ಲಾ ಅಬ್ದುಲ್ಲಾ ಶೇ. 45 ಮತ ಪಡೆದು ಮುಂದಿದ್ದರು. ಜೂನ್ 14ರ ಎರಡನೆಯ ಸುತ್ತಿನ ಪ್ರಾಥಮಿಕ ಫಲಿತಾಂಶದಲ್ಲಿ ಅಶ್ರಫ್ ಘನಿಗೆ ಶೇ. 56.44. ಅಕ್ರಮದ ಕೂಗೆದ್ದಿತು. ಅಮೆರಿಕದ ವಿದೇಶಾಂಗ ಸಚಿವ ಜಾನ್ ಕೆರಿ ಕಾಬೂಲಿಗೆ ಬಂದು, ಪ್ರತಿಯೊಂದು ಪೆಟ್ಟಿಗೆಯನ್ನೂ ವಿಶ್ವಸಂಸ್ಥೆಯ ಉಸ್ತುವಾರಿಯಲ್ಲಿ ತೆರೆಯಲು ಇಬ್ಬರನ್ನೂ ಒಪ್ಪಿಸಿದರು.

ಪ್ರಾಂತ್ಯಗಳಿಂದ ಪೆಟ್ಟಿಗೆಗಳು ಕಾಬೂಲಿನ ಗೋದಾಮುಗಳಿಗೆ ಬಂದವು. ಮೇಜಿನ ಸುತ್ತ ಎರಡೂ ಕಡೆಯ ಏಜೆಂಟರು, ವಿದೇಶಿ ವೀಕ್ಷಕರು. ಮುದ್ರೆ ಒಡೆದಿದೆಯೇ, ಫಲಿತಾಂಶದ ಹಾಳೆ ತಾಳೆಯಾಗುತ್ತದೆಯೇ ಎಂಬುದನ್ನು ಕಣ್ಣಿಂದಲೇ ಹೇಳಬಹುದಿತ್ತು. ಕಷ್ಟವಿದ್ದದ್ದು ಒಂದೇ ಕೈ ಹಾಕಿದಂತೆ ಕಾಣುವ ಗುರುತುಗಳಲ್ಲಿ. ಅಂಥ ಎಷ್ಟು ಚೀಟಿ ಸಿಕ್ಕರೆ ಪೆಟ್ಟಿಗೆ ರದ್ದು? ಈ ಮಾನದಂಡ ಪೆಟ್ಟಿಗೆ ಮುಟ್ಟುವ ಮುನ್ನವೇ ಗಟ್ಟಿಯಾಗಬೇಕಿತ್ತು. ಪರಿಶೀಲನೆ ಶುರುವಾದ ಮೇಲೂ ಅದರ ಚೌಕಾಸಿ ನಡೆದೇ ಇತ್ತು. ಯಾವ ನಿಯಮ ಯಾರ ಮತ ಕಳೆಯುತ್ತದೆಂದು ಅಷ್ಟರಲ್ಲಿ ಎಲ್ಲರೂ ಲೆಕ್ಕ ಹಾಕಬಲ್ಲವರಾಗಿದ್ದರು. ನನ್ನ ಮಟ್ಟಿಗೆ ಇದೇ ಮೂಲ ದೋಷ. ಆಗಸ್ಟ್ 27ರಂದು ಅಬ್ದುಲ್ಲಾ ಕಡೆಯವರು ಎದ್ದು ಹೋದರು. ಸಮತೋಲಕ್ಕೆಂದು ಘನಿ ಕಡೆಯವರನ್ನೂ ಹೊರಗುಳಿಯುವಂತೆ ವಿಶ್ವಸಂಸ್ಥೆ ಕೇಳಿಕೊಂಡಿತು. ಉಳಿದ ಕೆಲಸ ಇಬ್ಬರ ಏಜೆಂಟರೂ ಇಲ್ಲದೆಯೇ ಮುಗಿಯಿತು.

ಸೆಪ್ಟೆಂಬರ್ 21ರಂದು ಇಬ್ಬರೂ ಅಧಿಕಾರ ಹಂಚಿಕೆಯ ಒಪ್ಪಂದಕ್ಕೆ ಸಹಿ ಹಾಕಿದರು. ಕೆಲವೇ ಗಂಟೆಗಳಲ್ಲಿ ಚುನಾವಣಾ ಆಯೋಗ ಘನಿ ಗೆದ್ದರೆಂದಿತು. ಮತಗಳ ಸಂಖ್ಯೆ ಹೇಳಲಿಲ್ಲ. ಅಂತರ್ಯುದ್ಧ ತಪ್ಪಿಸಲು ಹಾಗೆ ಮಾಡಬೇಕಾಯಿತೆಂಬ ಸಮರ್ಥನೆಯನ್ನು ನಾನು ಲಘುವಾಗಿ ಕಾಣುವುದಿಲ್ಲ. ಆದರೂ ಒಪ್ಪಲಾರೆ. ಎರಡನೆಯ ಸುತ್ತಿನ ಮತದಾನದ ದಿನ ಹೆರಾತ್‌ನಲ್ಲಿ ಮತ ಹಾಕಿದ ವೃದ್ಧರ ಶಾಯಿ ಹಚ್ಚಿದ ಬೆರಳುಗಳನ್ನೇ ತಾಲಿಬಾನಿಗಳು ಕತ್ತರಿಸಿದ್ದರು. ಅಂಥವರಿಗೆ ತಮ್ಮ ಮತ ಎಣಿಕೆಗೆ ಬಂತೇ ಎಂದು ತಿಳಿಯುವ ಹಕ್ಕಿತ್ತು. ಆ ಹಕ್ಕನ್ನು ಇಬ್ಬರು ನಾಯಕರ ಒಪ್ಪಂದಕ್ಕೆ ಬಲಿಕೊಡಲಾಯಿತು.

ಸೋತವರು ನಂಬುವಂಥ ಲೆಕ್ಕ ಕೈಯಲ್ಲಿಲ್ಲದೆ ದೇಶ 2019ರ ಚುನಾವಣೆಗೆ ಹೋಯಿತು. ಮತ್ತೆ ಅದೇ ಇಬ್ಬರು, ಮತ್ತೆ ಅದೇ ತಕರಾರು. 2020ರ ಮಾರ್ಚ್ 9ರಂದು ಕಾಬೂಲಿನಲ್ಲಿ ಇಬ್ಬರೂ ಬೇರೆಬೇರೆಯಾಗಿ ಅಧ್ಯಕ್ಷರೆಂದು ಪ್ರಮಾಣವಚನ ಸ್ವೀಕರಿಸಿದರು.