ಬಾಗಿಲು ಗಟ್ಟಿ ಇತ್ತು, ಸರಿ. ಪೊಲೀಸರೆಲ್ಲಿದ್ರು?

ಜರ್ಮನಿಯ ಹಾಲೆ ಅನ್ನೋ ಊರಲ್ಲಿ, ಯಹೂದಿಗಳ ಪ್ರಾರ್ಥನಾ ಮಂದಿರದ ಅಂಗಳದಲ್ಲಿ ಒಂದು ಹಳೇ ಮರದ ಬಾಗಿಲನ್ನು ಸ್ಮಾರಕ ಮಾಡಿ ನಿಲ್ಲಿಸಿದ್ದಾರೆ. ಅದರ ಮೇಲೆ ಗುಂಡಿನ ತೂತುಗಳಿವೆ. ಸ್ಮಾರಕದ ಬಗ್ಗೆ ನನ್ನ ತಕರಾರಿಲ್ಲ, ಅದು ಅಲ್ಲಿರಲೇಬೇಕು. ತಕರಾರಿರೋದು ಅದನ್ನು ಎಲ್ಲರೂ ‘ಪವಾಡ’ ಅಂತ ಕರೆದು ಸುಮ್ಮನಾಗೋದರ ಬಗ್ಗೆ.

2019ರ ಅಕ್ಟೋಬರ್ 9, ಯೋಮ್ ಕಿಪ್ಪುರ್. ಯಹೂದಿಗಳಿಗೆ ವರ್ಷದ ಅತಿ ಪವಿತ್ರ ದಿನ, ಉಪವಾಸವಿದ್ದು ಇಡೀ ದಿನ ಪ್ರಾರ್ಥನೆ ಮಾಡ್ತಾರೆ. ಒಳಗೆ 50ಕ್ಕೂ ಹೆಚ್ಚು ಜನ ಇದ್ದರು. ಬಂದೂಕು, ಸ್ಫೋಟಕ ಹಿಡಿದು, ಎಲ್ಲವನ್ನೂ ಇಂಟರ್ನೆಟ್ಟಲ್ಲಿ ಲೈವ್ ತೋರಿಸ್ತಾ ಒಬ್ಬ ಬಂದ. ಬಾಗಿಲಿಗೆ ಗುಂಡು ಹೊಡೆದ. ತೆರೆಯಲಿಲ್ಲ. ಒಳಗಿದ್ದವರು ಕ್ಯಾಮೆರಾದ ಪರದೆಯಲ್ಲಿ ಅವನನ್ನು ನೋಡ್ತಾ, ಬಾಗಿಲಿಗೆ ಸಿಕ್ಕಿದ್ದನ್ನೆಲ್ಲ ಅಡ್ಡ ಇಟ್ಟರು. ಹೊರಗೆ ಒಬ್ಬ ಪೊಲೀಸೂ ಇರಲಿಲ್ಲ. ಒಳಗೆ ಹೋಗಲಾಗದವನು ರಸ್ತೆಯಲ್ಲಿ ಹೋಗ್ತಿದ್ದ 40 ವರ್ಷದ ಹೆಂಗಸನ್ನು ಕೊಂದ. ಆಮೇಲೆ ಕಬಾಬ್ ಅಂಗಡಿಯೊಂದರಲ್ಲಿ 20ರ ಹುಡುಗನನ್ನು.

ಆ ಕಟ್ಟಡದ ಭದ್ರತೆಗೆ ದುಡ್ಡು ಎಲ್ಲಿಂದ ಬಂದಿತ್ತು ಗೊತ್ತಾ? ಜ್ಯೂಯಿಷ್ ಏಜೆನ್ಸಿ ಅನ್ನೋ, ಇಸ್ರೇಲಿನಲ್ಲಿ ನೆಲೆಯಿರೋ ಸಂಸ್ಥೆಯೂ ನೆರವು ಕೊಟ್ಟಿತ್ತು. ಅಂದ್ರೆ ತೆರಿಗೆ ಕಟ್ಟೋ ನಾಗರಿಕರ ಜೀವ ಉಳಿಸೋಕೆ ಹೊರದೇಶದ ಸಂಸ್ಥೆ ಕೈ ಹಿಡೀಬೇಕಾಯ್ತು. ಪವಾಡ ಅಂದುಬಿಟ್ಟರೆ ಈ ಮಾತು ಅಲ್ಲೇ ಮುಚ್ಚಿಹೋಗುತ್ತೆ.

ಪ್ರತಿ ಮಂದಿರದ ಮುಂದೂ ಪೊಲೀಸ್ ನಿಲ್ಲಿಸೋಕಾಗುತ್ತಾ ಅಂತ ಕೇಳಬಹುದು. ಬರ್ಲಿನ್ನಲ್ಲಿ, ಮ್ಯೂನಿಕ್ಕಲ್ಲಿ ಸಾಮಾನ್ಯ ದಿನವೂ ನಿಲ್ಲಿಸ್ತಾರಲ್ಲ! ಹಬ್ಬದ ದಿನಾಂಕ ಕ್ಯಾಲೆಂಡರಲ್ಲೇ ಇರುತ್ತೆ, ಗುಪ್ತಚರ ಇಲಾಖೆ ಹುಡುಕಿಕೊಡಬೇಕಿಲ್ಲ. ಜರ್ಮನಿಯ ಯಹೂದಿಗಳ ಕೇಂದ್ರ ಮಂಡಳಿಯ ಅಧ್ಯಕ್ಷ ಯೋಸೆಫ್ ಶುಸ್ಟರ್ ಇದನ್ನು ನಾಚಿಕೆಗೇಡು ಅನ್ನೋ ಅರ್ಥದಲ್ಲೇ ಖಂಡಿಸಿದರು. ಅದೂ ಎಂಥಾ ಊರು! 1938ರ ನವೆಂಬರಲ್ಲಿ ಇದೇ ಹಾಲೆಯ ದೊಡ್ಡ ಮಂದಿರ ನಾಶವಾಗಿತ್ತು. ಈಗಿರೋದು ಮೊದಲು ಸ್ಮಶಾನಕ್ಕೆ ಸೇರಿದ್ದ ಕಟ್ಟಡ.

ದಾಳಿ ಆದಮೇಲೆ ಕಾವಲು ಬಂತು, ಹಣವೂ ಬಂತು. ಆದರೆ 2020ರಲ್ಲಿ ರಾಜ್ಯದ ಗೃಹಮಂತ್ರಿ ಆಡಿದ ಮಾತಿನ ಸಾರ ನೋಡಿ: ಯಹೂದಿ ಕಟ್ಟಡಗಳ ಕಾವಲಿಗೆ ಪೊಲೀಸರಿಗೆ 1,500 ಗಂಟೆ ಹೆಚ್ಚುವರಿ ಕೆಲಸ ಬೀಳ್ತಿದೆ, ಹಾಗಾಗಿ ಬೇರೆಯವರು ಕರೆದಾಗ ಹೊತ್ತಿಗೆ ಸರಿಯಾಗಿ ಬರೋಕಾಗದೇ ಇರಬಹುದು. ಟೈಮ್‌ಶೀಟ್ ತುಂಬೋ ನಮಗೆ ಈ ಭಾಷೆ ಚೆನ್ನಾಗಿ ಗೊತ್ತು. ಯಾವ ಕ್ಲೈಂಟಿಗೆ ಎಷ್ಟು ಗಂಟೆ, ಯಾರಿಂದಾಗಿ ಯಾರ ಕೆಲಸ ನಿಂತಿತು. ರಕ್ಷಣೆ ಹಕ್ಕಲ್ಲ, ಉಳಿದವರ ಪಾಲಿಂದ ಕಿತ್ತುಕೊಟ್ಟ ಉಪಕಾರ ಅನ್ನೋ ಹಾಗೆ! ಟೀಕೆ ಬಂದಮೇಲೆ ನನ್ನ ಮಾತಿನ ಅರ್ಥ ಹಾಗಲ್ಲ ಅಂದರು. ಆದರೆ ಅವತ್ತು ಸತ್ತ ಇಬ್ಬರೂ ಯಹೂದಿಗಳಲ್ಲ. ಬಾಗಿಲ ಮುಂದೆ ಕಾವಲಿದ್ದಿದ್ದರೆ ಅವರು ಉಳೀತಿದ್ದರಾ? ಖಚಿತವಾಗಿ ಹೇಳೋಕಾಗಲ್ಲ. ಉಳಿಯೋ ಅವಕಾಶವಾದರೂ ಇರ್ತಿತ್ತು. ಯಹೂದಿಗಳ ಗಂಟೆ, ಬೇರೆಯವರ ಗಂಟೆ ಅಂತ ಭಾಗ ಮಾಡೋ ಲೆಕ್ಕ ಅಲ್ಲೇ ಮುರಿದುಬೀಳುತ್ತೆ.

2020ರ ಡಿಸೆಂಬರಲ್ಲಿ ಹಂತಕನಿಗೆ ಜೀವಾವಧಿ ಶಿಕ್ಷೆಯಾಯ್ತು. ಬದುಕುಳಿದವರು ಕೋರ್ಟಲ್ಲಿ ಅವನ ಬಗ್ಗೆ ಮಾತ್ರ ಮಾತಾಡಲಿಲ್ಲ, ಆ ದಿನ ಪೊಲೀಸರು ತಮ್ಮನ್ನು ನಡೆಸಿಕೊಂಡ ರೀತಿಯ ಬಗ್ಗೆಯೂ ಹೇಳಿದರು. ಮಂದಿರದಿಂದ ಆಸ್ಪತ್ರೆಗೆ ಕರೆದೊಯ್ದಿದ್ದವರಿಗೆ, ಅರ್ಧಕ್ಕೆ ನಿಂತಿದ್ದ ಹಬ್ಬದ ಕೊನೆಯ ಪ್ರಾರ್ಥನೆಯನ್ನು ಅವತ್ತು ಸಂಜೆ ಅಲ್ಲೇ ಮುಗಿಸಬೇಕಾಗಿ ಬಂದಿತ್ತು.