ಸರಾಸರಿ ವೇಗ ಹೇಳಿ, ಮೈಲೇಜ್ ಹೇಳುತ್ತೇನೆ

ಒಂದೇ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಅಕ್ಕಪಕ್ಕ ನಿಂತ ಎರಡು ಸ್ವಿಫ್ಟ್‌ಗಳನ್ನು ಊಹಿಸಿಕೊಳ್ಳಿ. ಅದೇ ಎಂಜಿನ್, ಅದೇ ವರ್ಷದ ಗಾಡಿ. ಒಬ್ಬರು ‘ಹನ್ನೆರಡು ದಾಟಲ್ಲ ಸಾರ್’ ಅಂತಾರೆ, ಇನ್ನೊಬ್ಬರು ‘ಆರಾಮಾಗಿ ಇಪ್ಪತ್ತು ಕೊಡುತ್ತೆ’ ಅಂತಾರೆ. ಇಬ್ಬರ ಮಾತೂ ನಿಜವೇ ಇರಬಹುದು. ಮೊದಲನೆಯವರು ದಿನಾ ಮಾರತ್ತಹಳ್ಳಿಯಿಂದ ಸಿಲ್ಕ್ ಬೋರ್ಡ್ ಕಡೆಗೆ ತೆವಳುವವರು. ಎರಡನೆಯವರ ಕಾರು ಹೊರಗೆ ಬರುವುದೇ ಹಾಸನಕ್ಕೆ ಹೋಗುವಾಗ. ‘ಎಷ್ಟು ಕೊಡುತ್ತೆ’ ಎಂದು ಯಾರಾದರೂ ಕೇಳಿದರೆ ನಾನು ಕಾರಿನ ಹೆಸರು ಕೇಳುವ ಮೊದಲು ಅವರ ಸರಾಸರಿ ವೇಗ ಕೇಳುತ್ತೇನೆ. ಈಗಿನ ಬಹುಪಾಲು ಕಾರುಗಳ ಮೀಟರಿನಲ್ಲಿ ಆ ಅಂಕಿ ಇರುತ್ತದೆ. ನೋಡುವವರು ಕಡಿಮೆ.

ಬ್ರೋಷರಿನ ಅಂಕಿ ಎಲ್ಲಿಂದ ಬರುತ್ತದೆ ಎಂಬುದೂ ಈ ವೇಗದ ಕತೆಯೇ. ಪುಣೆಯ ಎಆರ್‌ಎಐನಂಥ ಸಂಸ್ಥೆಗಳಲ್ಲಿ ಕಾರನ್ನು ರೋಲರುಗಳ ಮೇಲೆ ನಿಲ್ಲಿಸಿ, ಮೊದಲೇ ಬರೆದಿಟ್ಟ ವೇಗದ ನಕ್ಷೆಯಂತೆ ಓಡಿಸುತ್ತಾರೆ. ಒಟ್ಟು 1180 ಸೆಕೆಂಡು, ಅಂದರೆ ಇಪ್ಪತ್ತು ನಿಮಿಷಕ್ಕೂ ಕಡಿಮೆ. ದೂರ ಹನ್ನೊಂದು ಕಿಲೋಮೀಟರಿನ ಒಳಗೆ. ಗರಿಷ್ಠ ವೇಗ 90. ಎಸಿ ಆಫ್. ಇಂಧನವನ್ನು ಲೆಕ್ಕ ಹಾಕುವುದು ಹೊಗೆಯಲ್ಲಿರುವ ಇಂಗಾಲದಿಂದ. ಹೊಸ ಸ್ವಿಫ್ಟ್ ಮ್ಯಾನುಯಲ್‌ಗೆ ಸಿಕ್ಕಿರುವ 24.8 ಇಂಥ ಪರೀಕ್ಷೆಯದು. ಇದನ್ನು ಮೋಸ ಎನ್ನುವವರ ಜೊತೆ ನನಗೆ ಸಹಮತವಿಲ್ಲ. ಎರಡು ಕಾರುಗಳನ್ನು ಒಂದೇ ತಕ್ಕಡಿಯಲ್ಲಿ ತೂಗಲು ಅದು ಬೇಕು. ನಿಮ್ಮ ಬೀದಿಯ ಭವಿಷ್ಯ ಹೇಳುವುದು ಅದರ ಕೆಲಸವಲ್ಲ.

ಆ ಪರೀಕ್ಷೆಯ ಸರಾಸರಿ ವೇಗ ಗಂಟೆಗೆ ಸುಮಾರು 32 ಕಿ.ಮೀ. ಟಾಮ್‌ಟಾಮ್ ಎಂಬ ನ್ಯಾವಿಗೇಶನ್ ಕಂಪನಿ 2024ಕ್ಕೆ ಹಾಕಿದ ಲೆಕ್ಕದ ಪ್ರಕಾರ ಬೆಂಗಳೂರಿನಲ್ಲಿ 10 ಕಿ.ಮೀ. ಹೋಗಲು ಸರಾಸರಿ 34 ನಿಮಿಷ ಬೇಕಾಯಿತು. ಅಂದರೆ ಗಂಟೆಗೆ ಹದಿನೆಂಟೂ ಇಲ್ಲ. ಪರೀಕ್ಷೆಯ ವೇಗದಲ್ಲಾದರೆ ಅದೇ ಹತ್ತು ಕಿಲೋಮೀಟರಿಗೆ 19 ನಿಮಿಷ ಸಾಕು. ಉಳಿದ ಹದಿನೈದು ನಿಮಿಷ ಎಂಜಿನ್ ಸುಮ್ಮನೆ ಗುರುಗುಟ್ಟುತ್ತಿರುತ್ತದೆ. ಎಸಿ ಹಾಕಿಕೊಂಡು ನಿಂತ ಸಣ್ಣ ಪೆಟ್ರೋಲ್ ಕಾರು ಗಂಟೆಗೆ ಮುಕ್ಕಾಲು ಲೀಟರಿನ ಆಸುಪಾಸು ಕುಡಿಯುತ್ತದೆ ಎಂದಿಟ್ಟುಕೊಳ್ಳಿ. ಹದಿನೈದು ನಿಮಿಷಕ್ಕೆ ಇನ್ನೂರು ಮಿಲಿಗೆ ಹತ್ತಿರ. ಹತ್ತು ಕಿಲೋಮೀಟರಿಗೆ ಅರ್ಧ ಲೀಟರ್ ಸಾಕು ಎನ್ನುತ್ತಿದ್ದ ಗಾಡಿಗೆ ಈಗ ಏಳುನೂರು ಮಿಲಿ. ಇಪ್ಪತ್ತರ ಮೈಲೇಜ್ ಹದಿನಾಲ್ಕಕ್ಕೆ ಇಳಿಯಿತು. ಸರ್ವಿಸ್ ಸೆಂಟರಿನವರು ಇದಕ್ಕೆ ಏನು ಮಾಡಲಿ?

ಇನ್ನು ಹಂಪ್‌ಗಳು. ನಮ್ಮ ಮೈಲೇಜ್ ಚರ್ಚೆಗಳಲ್ಲಿ ಇವುಗಳ ಹೆಸರೇ ಬರುವುದಿಲ್ಲ, ನನಗದು ಆಶ್ಚರ್ಯ. ಒಂದು ಟನ್ ತೂಕದ ಕಾರನ್ನು ನಿಂತಲ್ಲಿಂದ 50ರ ವೇಗಕ್ಕೆ ತರಲು, ಎಂಜಿನ್ ವ್ಯರ್ಥ ಮಾಡುವ ಶಾಖವನ್ನೂ ಸೇರಿಸಿದರೆ, ಹನ್ನೆರಡರಿಂದ ಹದಿನೈದು ಮಿಲಿ ಪೆಟ್ರೋಲ್ ಬೇಕು. ಹಂಪ್ ಬಂತು, ಬ್ರೇಕ್ ಒತ್ತಿದಿರಿ, ಅಷ್ಟೂ ಶಕ್ತಿ ಬ್ರೇಕ್ ಪ್ಯಾಡಿನಲ್ಲಿ ಬಿಸಿಯಾಗಿ ಹೋಯಿತು. ಹಂಪ್ ದಾಟಿ ಮತ್ತೆ ಅಷ್ಟೇ ಹಾಕಬೇಕು. ಊರೂರಿಗೂ ನಾಲ್ಕು ಹಂಪ್ ಇರುವ ರಸ್ತೆಯಲ್ಲಿ ಎಪ್ಪತ್ತು–ಎಂಬತ್ತು ಸಲ ಹೀಗೆ ಮಾಡಿದರೆ ಒಂದು ಲೀಟರ್ ಖರ್ಚು. ದೂರದಿಂದಲೇ ಹಂಪ್ ಕಂಡು ಆಕ್ಸಿಲರೇಟರಿನಿಂದ ಕಾಲು ತೆಗೆಯುವವರಿಗೂ ಕೊನೇ ಗಳಿಗೆಯಲ್ಲಿ ಬ್ರೇಕ್ ತುಳಿಯುವವರಿಗೂ ಇರುವ ವ್ಯತ್ಯಾಸ ಇಲ್ಲಿಯದು. ಬಿಡದಿಯಲ್ಲಿ ತಯಾರಾಗುವ ಟೊಯೋಟಾ ಹೈರೈಡರ್‌ನ ಸ್ಟ್ರಾಂಗ್ ಹೈಬ್ರಿಡ್‌ಗೆ 27.97ರ ಪ್ರಮಾಣಪತ್ರ ಸಿಕ್ಕಿರುವುದಕ್ಕೂ ಒಂದು ಕಾರಣ ಇದೇ: ಬ್ರೇಕ್ ಹಾಕಿದಾಗ ಕಳೆದುಹೋಗುವುದರಲ್ಲಿ ಒಂದಿಷ್ಟನ್ನು ಅದು ಬ್ಯಾಟರಿಗೆ ತುಂಬಿಕೊಳ್ಳುತ್ತದೆ, ನಿಂತಲ್ಲಿ ಎಂಜಿನ್ನನ್ನೇ ಆರಿಸುತ್ತದೆ.

ಹಾಗಾದರೆ ವೇಗ ಹೆಚ್ಚಿದಷ್ಟೂ ಒಳ್ಳೆಯದೇ? ಅಲ್ಲ. ಎಪ್ಪತ್ತು–ಎಂಬತ್ತು ದಾಟಿದ ಮೇಲೆ ಗಾಳಿ ಎದುರಾಳಿ. ಅದರ ತಡೆ ವೇಗದ ವರ್ಗದಷ್ಟು ಏರುತ್ತದೆ. 80ರಿಂದ 100ಕ್ಕೆ ಹೋದರೆ ಒಂದೂವರೆ ಪಟ್ಟಿಗೂ ಜಾಸ್ತಿ. ಸುಮಾರು 118 ಕಿ.ಮೀ.ನ ಬೆಂಗಳೂರು–ಮೈಸೂರು ಹೆದ್ದಾರಿಯನ್ನು ಎಂಬತ್ತರ ಬದಲು ನೂರರಲ್ಲಿ ಮುಗಿಸಿದರೆ ಉಳಿಯುವುದು ಹದಿನೆಂಟು ನಿಮಿಷ. ವಾಪಸು ಬರುವಾಗ ಕೆಂಗೇರಿ ಅದನ್ನು ಬಡ್ಡಿ ಸಮೇತ ವಸೂಲಿ ಮಾಡುತ್ತದೆ.

ಘಾಟಿಯ ಒಂದು ಹಳೇ ಅಭ್ಯಾಸ ಇನ್ನೂ ಹೋಗಿಲ್ಲ. ಚಾರ್ಮಾಡಿ, ಶಿರಾಡಿ ಇಳಿಯುವಾಗ ಗೇರ್ ತೆಗೆದು ನ್ಯೂಟ್ರಲ್‌ನಲ್ಲಿ ಬಿಡುವವರು ಈಗಲೂ ಇದ್ದಾರೆ. ಕಾರ್ಬ್ಯುರೇಟರ್ ಕಾಲದಲ್ಲಿ ಅದರಿಂದ ನಾಲ್ಕು ಹನಿ ಉಳಿಯುತ್ತಿದ್ದಿರಬಹುದು. ಇಂಜೆಕ್ಷನ್ ಗಾಡಿಯಲ್ಲಿ ಲೆಕ್ಕ ತಲೆಕೆಳಗು. ಗೇರ್‌ನಲ್ಲಿದ್ದು ಆಕ್ಸಿಲರೇಟರ್ ಪೂರ್ತಿ ಬಿಟ್ಟರೆ ಪೆಟ್ರೋಲ್ ಪೂರೈಕೆ ನಿಂತೇ ಹೋಗುತ್ತದೆ, ಎಂಜಿನ್ನನ್ನು ತಿರುಗಿಸುವುದು ಇಳಿಜಾರು. ನ್ಯೂಟ್ರಲ್‌ಗೆ ಹಾಕಿದಿರೋ, ಎಂಜಿನ್ ಆರದಂತೆ ಕಂಪ್ಯೂಟರ್ ಮತ್ತೆ ಪೆಟ್ರೋಲ್ ಸುರಿಯಬೇಕು. ಎಂಜಿನ್ನಿನ ಹಿಡಿತವೂ ತಪ್ಪಿ ಬ್ರೇಕ್ ಕಾಯುತ್ತದೆ. ಪೆಟ್ರೋಲೂ ಹೋಯಿತು, ಭದ್ರತೆಯೂ ಹೋಯಿತು.

ಲೆಕ್ಕದ ವಿಷಯ ಬಂದಾಗ ಇನ್ನೊಂದು. ನೂರು ಕಿ.ಮೀ. ಊರೊಳಗೆ ಹತ್ತರಂತೆ, ನೂರು ಕಿ.ಮೀ. ಹೆದ್ದಾರಿಯಲ್ಲಿ ಇಪ್ಪತ್ತರಂತೆ ಓಡಿದರೆ ಸರಾಸರಿ ಹದಿನೈದಲ್ಲ, 13.3. ಸುಟ್ಟದ್ದು ಹದಿನೈದು ಲೀಟರ್, ಓಡಿದ್ದು ಇನ್ನೂರು. ಹತ್ತು ಕೊಡುತ್ತಿದ್ದ ಗಾಡಿ ಹನ್ನೆರಡು ಕೊಟ್ಟರೆ ಸಾವಿರ ಕಿ.ಮೀ.ಗೆ ಸುಮಾರು 17 ಲೀಟರ್ ಉಳಿತಾಯ. ಇಪ್ಪತ್ತರದು ಇಪ್ಪತ್ತೈದಕ್ಕೆ ಏರಿದರೆ ಹತ್ತೇ ಲೀಟರ್. ಯುರೋಪಿನವರು ನೂರು ಕಿಲೋಮೀಟರಿಗೆ ಎಷ್ಟು ಲೀಟರ್ ಎಂದು ಎಣಿಸುವುದರಿಂದ ಈ ಗೊಂದಲಕ್ಕೆ ಸಿಕ್ಕುವುದಿಲ್ಲ.

ಅಳೆಯಬೇಕೆಂದರೆ ಮೀಟರಿನ ಮೈಲೇಜ್ ಅಂಕಿಯನ್ನು ಪೂರ್ತಿ ನಂಬಬೇಡಿ, ಅದಕ್ಕೆ ಸ್ವಲ್ಪ ಉದಾರ ಬುದ್ಧಿ. ಒಂದೇ ಬಂಕ್, ಸಾಧ್ಯವಾದರೆ ಒಂದೇ ಪಂಪ್. ನಾಜಲ್ ತಾನಾಗಿ ಕಟ್ ಆಗುವವರೆಗೆ ಫುಲ್ ಟ್ಯಾಂಕ್. ಹುಡುಗ ರೌಂಡ್ ಫಿಗರ್ ಮಾಡಲು ಹೊರಟರೆ ಬೇಡ ಎನ್ನಿ. ಮುಂದಿನ ಸಲವೂ ಅಲ್ಲೇ, ಹಾಗೇ. ಒಂದು ಟ್ಯಾಂಕಿನಿಂದ ತೀರ್ಪು ಕೊಡಬಾರದು, ಐದಾರಾದರೂ ಆಗಲಿ.

ಇ20, ಅಂದರೆ ಶೇ 20 ಎಥೆನಾಲ್ ಬೆರೆಸಿದ ಪೆಟ್ರೋಲ್ ಬಗ್ಗೆ ಹೇಳದೆ ಯಾರೂ ನನ್ನನ್ನು ಬಿಡುವುದಿಲ್ಲ. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಇದಕ್ಕೆ ಚಾಲನೆ ಸಿಕ್ಕಿದ್ದು. ಲೀಟರ್ ಎಥೆನಾಲ್‌ನಲ್ಲಿ ಪೆಟ್ರೋಲಿಗಿಂತ ಮೂರನೇ ಒಂದರಷ್ಟು ಶಕ್ತಿ ಕಡಿಮೆ. ಶೇ 20 ಬೆರೆಸಿದಾಗ ಶುದ್ಧ ಪೆಟ್ರೋಲಿಗೆ ಹೋಲಿಸಿ ಶೇ 6–7 ಖೋತಾ. ಆದರೆ ಅದಕ್ಕೂ ಮೊದಲೇ ನಾವು ಶೇ 10ರ ಮಿಶ್ರಣ ಹಾಕಿಸುತ್ತಿದ್ದೆವು, ಹಾಗಾಗಿ ಹೊಸದಾಗಿ ಕಳೆದುಕೊಂಡದ್ದು ಶೇ 3–4. ಹದಿನೈದು ಕೊಡುವ ಗಾಡಿಯಲ್ಲಿ ಅದು ಅರ್ಧ ಕಿಲೋಮೀಟರಿನ ಮಾತು. ಹಳೇ ಗಾಡಿಗಳ ರಬ್ಬರ್ ಪೈಪುಗಳ ಆತಂಕ ಬೇರೆ, ಅದು ನ್ಯಾಯವಾದದ್ದೇ. ಆದರೆ ‘ಇ20 ಬಂದಮೇಲೆ ಹದಿನೈದರಿಂದ ಹನ್ನೊಂದಕ್ಕೆ ಬಿತ್ತು’ ಎನ್ನುವವರು ಬಂಕಿನವರನ್ನು ಬೈಯುವ ಮೊದಲು ಟೈರಿಗೆ ಗಾಳಿ ಹಾಕಿಸಲಿ, ಹಿಂದಿನ ಬ್ರೇಕ್ ಹಿಡಿದುಕೊಂಡಿದೆಯೇ ಎಂದು ಮೆಕ್ಯಾನಿಕ್ ಹತ್ತಿರ ಒಮ್ಮೆ ನೋಡಿಸಲಿ.